ಕೋಗಳಿ ಸೀಮೆಯಲ್ಲಿ ಕೊರ್ಡೋವಾದ ತಂತಿ

ಹರಿಹರದಲ್ಲಿ ಹೊಸಪೇಟೆಯ ರೈಲು ಹತ್ತಿದರೆ ತೆಲಗಿ, ಹರಪನಹಳ್ಳಿ, ಕೊಟ್ಟೂರು ದಾಟಿ ಹಗರಿಬೊಮ್ಮನಹಳ್ಳಿ ಬರುತ್ತದೆ. ಕಿಟಕಿಯ ಹೊರಗೆ ಒಮ್ಮೆ ಕೆಂಪು ನೆಲ, ಒಮ್ಮೆ ಕಪ್ಪು ನೆಲ. ಮೆಕ್ಕೆಜೋಳ, ಶೇಂಗಾ, ಸೂರ್ಯಕಾಂತಿಯ ಹೊಲಗಳು, ಬದುವಿನಲ್ಲಿ ಒಂಟಿ ಹುಣಸೆಮರ. ಕರಾವಳಿಯ ಹಸಿರು ನೋಡಿ ಬೆಳೆದವರಿಗೆ ಈ ಬಯಲು ಮೊದಲು ಬರಿದೆನಿಸುತ್ತದೆ. ಎರಡು ದಿನ ಉಳಿದರೆ ಆಕಾಶ ಇಷ್ಟು ದೊಡ್ಡದಿತ್ತೇ ಎನಿಸುತ್ತದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದು ನಾವು ಇಂದು ಬೇರೆ ಬೇರೆಯಾಗಿ ಹೇಳುವ ಈ ನಾಡಿಗೆ ಸಾವಿರ ವರ್ಷದ ಹಿಂದಿನ ಶಾಸನಗಳು ಕೊಟ್ಟ ಹೆಸರು ಕೋಗಳಿ ಐನೂರು. ಆ ಹೆಸರಿನ ಊರು ಈಗ ಈ ಸೀಮೆಯ ಒಂದು ಹಳ್ಳಿ. ಅಲ್ಲೊಂದು ಹಳೆಯ ಜೈನ ಬಸದಿ ಇದೆ. ಅದನ್ನು ಕಟ್ಟಿಸಿದವನು ಗಂಗರ ದೊರೆ ದುರ್ವಿನೀತ ಎಂದು 1055ರ ಶಾಸನ ಹೇಳುತ್ತದೆ. ನಾಡಿನ ಹೆಸರು ಹೋಗಿ ತಾಲೂಕುಗಳು ಬಂದವು, ತಾಲೂಕುಗಳ ಜಿಲ್ಲೆಗಳೂ ಬದಲಾದವು. ಹರಪನಹಳ್ಳಿಯವರಂತೂ ಮನೆ ಬದಲಿಸದೆಯೇ ಬಳ್ಳಾರಿಯಿಂದ 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ ಹೋಗಿ ಬಂದಿದ್ದಾರೆ!

ನನ್ನ ತವರು ಈ ಸೀಮೆಯಲ್ಲಿ. ಕೋಗಳಿಯ ಪಕ್ಕದ ಒಂದು ಚಿಕ್ಕ ಹಳ್ಳಿ. ನಾವು ಪಿಂಜಾರರು. ಕಾಗದಪತ್ರದಲ್ಲಿ ನದಾಫ್ ಎಂದು ಬರೆಸುವವರೂ ಇದ್ದಾರೆ. ಈ ಭಾಗದ ಎಷ್ಟೋ ಪಿಂಜಾರರ ಮನೆಗಳಂತೆ ನಮ್ಮ ಮನೆಯ ಮಾತೂ ಕನ್ನಡವೇ. ಹತ್ತಿ ಹಿಂಜುವುದು, ಗಾದಿ, ದಿಂಬು ಮಾಡಿಕೊಡುವುದು ಕುಲಕಸುಬು. ಈ ಕಸುಬಿನ ಮುಖ್ಯ ಸಾಧನವಾದ ಬಿಲ್ಲನ್ನು ಈಗಿನ ಮಕ್ಕಳು ನೋಡಿರಲಾರರು. ಆಳೆತ್ತರದ ಮರದ ಬಿಲ್ಲು, ಅದಕ್ಕೆ ಬಿಗಿದ ಕರುಳಿನ ತಂತಿ. ಸೂರಿನಿಂದ ಹಗ್ಗ ಕಟ್ಟಿ ಅದನ್ನು ಇಳಿಬಿಡುತ್ತಾರೆ. ಕೆಳಗೆ ಹತ್ತಿಯ ರಾಶಿ. ಮರದ ಹಿಡಿಗುಂಡಿನಿಂದ ತಂತಿಯನ್ನು ಮೀಟಿದರೆ ಅದರ ನಡುಕಕ್ಕೆ ಗಂಟುಕಟ್ಟಿದ ಹತ್ತಿ ಬಿಚ್ಚಿ, ಕಸ ಉದುರಿ, ನೊರೆಯಂತೆ ಮೇಲೇಳುತ್ತದೆ. ಚಳಿಗಾಲಕ್ಕೆ ಮುಂಚೆ ಊರೂರಿಗೆ ಬಿಲ್ಲು ಹೊತ್ತು ಹೋಗುತ್ತಿದ್ದ ದಿನಗಳಲ್ಲಿ ಪಿಂಜಾರ ಬಂದಿದ್ದಾನೆಂದು ಯಾರೂ ಕೂಗಿ ಹೇಳಬೇಕಿರಲಿಲ್ಲ. ಬಿಲ್ಲಿನ ದನಿಯೇ ಬೀದಿಗೆ ಹೇಳುತ್ತಿತ್ತು. ಆಮೇಲೆ ಕರೆಂಟಿನ ಯಂತ್ರ ಬಂತು, ಸ್ಪಂಜಿನ ಹಾಸಿಗೆ ಬಂತು. ನಮ್ಮ ಮನೆಯ ಬಿಲ್ಲು ಅಟ್ಟ ಸೇರಿತು.

ಈ ಲೇಖನ ಬಿಲ್ಲಿನ ಬಗ್ಗೆ ಅಲ್ಲ, ಗಿಟಾರಿನ ಬಗ್ಗೆ. ಆದರೆ ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಲು ಬರುವಂತಿಲ್ಲ.

ಅಣ್ಣನ ಮಗಳು ಪಿಯುಸಿ ಮುಗಿಸಿ ನರ್ಸಿಂಗ್ ಸೇರುವ ತಯಾರಿಯಲ್ಲಿದ್ದಾಳೆ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಅವಳ ಮಾಮ ರೂಮು ಖಾಲಿ ಮಾಡುವಾಗ ಜೊತೆಯವರು ಬಿಟ್ಟುಹೋದ ಒಂದು ಗಿಟಾರನ್ನು ತಂದುಕೊಟ್ಟಿದ್ದರು. ನೈಲಾನ್ ತಂತಿಯದು. ಹಳ್ಳಿಯಲ್ಲಿ ಕಲಿಸುವವರಿಲ್ಲ. ಹುಡುಗಿ ಮೊಬೈಲಿನಲ್ಲಿ ಹುಡುಕುತ್ತಾ ಹೋಗಿ ಸ್ಪೇನಿನ ವಿಸೆಂಟೆ ಅಮಿಗೊ ಎಂಬವರ ಮುಂದೆ ನಿಂತುಬಿಟ್ಟಳು. ಕಳೆದ ರಜೆಯಲ್ಲಿ ನಾನು ಹೋದಾಗ ಮನೆಯಲ್ಲಿ ಆ ಹೆಸರು ನೆಂಟರ ಹೆಸರಿನಷ್ಟು ಸಲೀಸಾಗಿತ್ತು. ಅತ್ತಿಗೆ ರೊಟ್ಟಿ ಬಡಿಯುತ್ತಾ, “ನಿನ್ನ ಅಮಿಗೋ ಸಾಕು ಮಾಡು, ನೀರು ತುಂಬು” ಎನ್ನುತ್ತಿದ್ದರು.

ಯಾರಿವರು? 1967ರಲ್ಲಿ ಸೆವಿಲ್ಲೆ ಪ್ರಾಂತದ ಗ್ವಾದಲ್‌ಕನಾಲ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿ, ಕೊರ್ಡೋವಾ ನಗರದಲ್ಲಿ ಬೆಳೆದವರು. ಹರೆಯಕ್ಕೆ ಕಾಲಿಡುವಾಗಲೇ ಮನೋಲೊ ಸಾನ್‌ಲೂಕರ್ ಎಂಬ ದೊಡ್ಡ ಗುರುವಿನ ಜೊತೆ ಸೇರಿ ವರ್ಷಗಟ್ಟಲೆ ದುಡಿದರು. ಎಲ್ ಪೆಲೆ ಎಂಬ ಹಾಡುಗಾರನಿಗೆ ಸಾಥ್ ನುಡಿಸಿದರು. ತನ್ನದೇ ಹೆಸರಿನ ಮೊದಲ ಧ್ವನಿಮುದ್ರಿಕೆ ಬಂದದ್ದು ಅದಾದ ಮೇಲೆ, 1991ರಲ್ಲಿ. 2000ದಲ್ಲಿ ಬಂದ ‘ಸಿಯುದಾದ್ ದೆ ಲಾಸ್ ಇದೆಯಾಸ್’ಗೆ ಲ್ಯಾಟಿನ್ ಗ್ರ್ಯಾಮಿ ಪ್ರಶಸ್ತಿ ಬಂತು. 2017ರ ‘ಮೆಮೋರಿಯಾ ದೆ ಲೋಸ್ ಸೆಂತೀದೋಸ್’ಗೆ ಮತ್ತೊಮ್ಮೆ. ನುಡಿಸುವಾಗ ಕೂದಲು ಮುಖಕ್ಕೆ ಬಿದ್ದಿರುತ್ತದೆ, ಕಣ್ಣು ಮುಚ್ಚಿರುತ್ತದೆ. ಕೈಗಳಿಗೆ ಅವಸರವಿದ್ದರೂ ಮುಖಕ್ಕೆ ಅವಸರವಿಲ್ಲ.

ಇವರು ನುಡಿಸುವುದು ಫ್ಲಮೆಂಕೊ, ದಕ್ಷಿಣ ಸ್ಪೇನಿನ ಅಂದಲೂಸಿಯಾ ಪ್ರಾಂತದ ಕಲೆ. ಹಾಡು, ಕುಣಿತ, ಚಪ್ಪಾಳೆ, ಗಿಟಾರು ಎಲ್ಲವೂ ಸೇರಿದ್ದು. 2010ರಲ್ಲಿ ಯುನೆಸ್ಕೊ ಇದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಹಿಂದಿನ ಸಂಪ್ರದಾಯದಲ್ಲಿ ಗಿಟಾರಿನವನು ಮುಂದೆ ಕೂರುವಂತಿರಲಿಲ್ಲ. ಹಾಡುವವನ ಉಸಿರು ಎಲ್ಲಿ ನಿಲ್ಲುತ್ತದೆ, ಕುಣಿಯುವವಳ ಹಿಮ್ಮಡಿ ಯಾವಾಗ ನೆಲಕ್ಕೆ ಬೀಳುತ್ತದೆ ಎಂದು ಕಾದು ನುಡಿಸಬೇಕು. ಹಾಗೆ ಹಿಂದೆ ಕೂತು ಕಲಿತ ಮೇಲೆಯೇ ಒಂಟಿಯಾಗಿ ನುಡಿಸುವ ಅಧಿಕಾರ. ಗಿಟಾರನ್ನು ಇಡೀ ಲೋಕದ ಮುಂದೆ ಒಂಟಿಯಾಗಿ ಕೂರಿಸಿದವರಲ್ಲಿ ದೊಡ್ಡವರು ಪಾಕೊ ಡಿ ಲೂಸಿಯಾ. 1947ರಲ್ಲಿ ಅಲ್ಜೆಸಿರಾಸ್‌ನ ಬಡ ಮನೆಯಲ್ಲಿ ಹುಟ್ಟಿದವರು, 2014ರಲ್ಲಿ ತೀರಿಕೊಂಡರು. ಸಂಗೀತದ ಲಿಪಿ ಓದಲು ಬಾರದೆಯೇ ಅವರು ಅಷ್ಟೆತ್ತರಕ್ಕೆ ಹೋದರೆಂದು ಕೇಳಿ ನಮ್ಮ ಹುಡುಗಿಗೆ ಬಹಳ ಧೈರ್ಯ ಬಂದಿದೆ.

ಕೊರ್ಡೋವಾ ಎಂದೊಡನೆ ನಮ್ಮ ಮನೆಗಳಲ್ಲಿ ಕಿವಿ ನೆಟ್ಟಗಾಗುತ್ತದೆ. ಕುರ್ತುಬಾ! 785ರಲ್ಲಿ ಒಂದನೇ ಅಬ್ದುರ್ರಹ್ಮಾನ್ ಕಟ್ಟಲು ತೊಡಗಿದ ಮಸೀದಿ, ಅದರ ಕೆಂಪು ಬಿಳಿ ಕಮಾನುಗಳ ಸಾಲು. 1236ರಿಂದ ಅದು ಇಗರ್ಜಿ. ಇದೇ ನಗರಕ್ಕೆ 822ರಲ್ಲಿ ಬಗ್ದಾದಿನಿಂದ ಝಿರ್ಯಾಬ್ ಎಂಬ ಸಂಗೀತಗಾರ ಬಂದ. ಊದ್ ವಾದ್ಯಕ್ಕೆ ಐದನೆಯ ತಂತಿಯನ್ನು ಸೇರಿಸಿದವನು, ಮರದ ಕಡ್ಡಿಯ ಬದಲು ಹದ್ದಿನ ಗರಿಯಿಂದ ಮೀಟಿದವನು, ಸಂಗೀತದ ಶಾಲೆ ತೆರೆದವನು ಎಂದು ಇತಿಹಾಸಕಾರರು ಬರೆದಿದ್ದಾರೆ. ಊಟದಲ್ಲಿ ಮೊದಲು ಸಾರು, ಆಮೇಲೆ ಮಾಂಸ, ಕೊನೆಗೆ ಸಿಹಿ ಎಂಬ ಕ್ರಮವೂ ಅವನದೇ ಎನ್ನುತ್ತಾರೆ. ಈ ಕಥೆಗಳಲ್ಲಿ ಹೆಚ್ಚಿನವು ನಮಗೆ ಸಿಗುವುದು 17ನೇ ಶತಮಾನದ ಅಲ್ ಮಕ್ಕರಿಯ ಗ್ರಂಥದಲ್ಲಿ. ಎಂಟು ನೂರು ವರ್ಷ ಕೈಯಿಂದ ಕೈಗೆ ಬಂದ ಕಥೆಗೆ ಒಗ್ಗರಣೆ ಬೀಳದೆ ಇರುತ್ತದೆಯೇ? ಆದರೂ ಪಾಕೊ ಡಿ ಲೂಸಿಯಾ 1990ರಲ್ಲಿ ಹೊರತಂದ ಧ್ವನಿಮುದ್ರಿಕೆಗೆ ಇಟ್ಟ ಹೆಸರು ‘ಝಿರ್ಯಾಬ್’. ಅಂದರೆ ಅಲ್ಲಿಯವರು ಅವನನ್ನು ಮರೆತಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಸ್ಪೇನ್ ಎಂದ ಕೂಡಲೇ ಎಲ್ಲವೂ ನಮ್ಮದೇ ಎಂದು ಎದೆಯುಬ್ಬಿಸುವ ಅಥವಾ ಕಣ್ಣೀರು ಸುರಿಸುವ ಅಭ್ಯಾಸ ನಮ್ಮ ಭಾಷಣಗಳಲ್ಲಿದೆ. ಫ್ಲಮೆಂಕೊ ಅಷ್ಟು ಸರಳವಲ್ಲ. ಇಂದು ಕೇಳುವ ರೂಪ ಅದಕ್ಕೆ ಬಂದದ್ದು 18 ಮತ್ತು 19ನೇ ಶತಮಾನಗಳಲ್ಲಿ. ಅದನ್ನು ಉಳಿಸಿ ಬೆಳೆಸಿದವರಲ್ಲಿ ಜಿಪ್ಸಿಗಳೆಂದು ಕರೆಯಲಾಗುವ ರೋಮಾ ಜನರ ಪಾಲು ಬಹಳ ದೊಡ್ಡದು. ಅವರ ಪೂರ್ವಜರು ಹೊರಟದ್ದು ನಮ್ಮದೇ ಉತ್ತರ ಭಾರತದಿಂದ. 15ನೇ ಶತಮಾನದಲ್ಲಿ ಸ್ಪೇನ್ ಮುಟ್ಟಿದರು. ಅವರ ಭಾಷೆಯಲ್ಲಿ ಎರಡಕ್ಕೆ ದುಯಿ, ಐದಕ್ಕೆ ಪಾಂಜ್. ಕಮ್ಮಾರಿಕೆ ಅವರಲ್ಲಿ ಅನೇಕರ ಕಸುಬು. ಫ್ಲಮೆಂಕೊದ ಹಳೆಯ ಹಾಡುಗಳಲ್ಲಿ ಮಾರ್ತಿನೇತೆ ಎಂಬುದೊಂದು ಬಗೆ. ಅದಕ್ಕೆ ಗಿಟಾರೇ ಇಲ್ಲ. ಕುಲುಮೆಯ ಸುತ್ತಿಗೆ ಅಡಿಗಲ್ಲಿನ ಮೇಲೆ ಬೀಳುವ ಪೆಟ್ಟೇ ತಾಳ. ಅರಬರ ಧಾಟಿ, ಯಹೂದಿಗಳ ರಾಗ, ಅಂದಲೂಸಿಯಾದ ರೈತರ ಹಾಡು, ರೋಮಾ ಜನರ ಕೊರಳು ಎಲ್ಲವೂ ಅದರಲ್ಲಿ ಬೆರೆತಿವೆ ಎಂದು ಹೇಳುತ್ತಾರೆ. ಯಾರದು ಎಷ್ಟು ಎಂಬ ಜಗಳ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ. 1609ರಿಂದ 1614ರವರೆಗೆ ಮೊರಿಸ್ಕೊಗಳನ್ನು, ಅಂದರೆ ಬಲವಂತದಿಂದ ಮತಾಂತರಗೊಂಡ ಮುಸ್ಲಿಮರ ಸಂತತಿಯನ್ನು, ದೇಶದಿಂದಲೇ ಹೊರದಬ್ಬಲಾಯಿತು. ರೋಮಾ ಜನರಿಗೂ ಅಲ್ಲಿ ನೆಮ್ಮದಿ ಇರಲಿಲ್ಲ. ಬೀದಿಪಾಲಾದವರ ಸಂಗೀತ ಎಂದು ಕೇಳಿದರೆ ಸಾಕು, ಅದರ ಕೊರಗು ಕಿವಿಗೆ ಬೇರೆಯಾಗಿಯೇ ಬೀಳುತ್ತದೆ.

ನಮ್ಮ ಮನೆಯ ವಿಷಯಕ್ಕೆ ಬರೋಣ. ಅಣ್ಣನಿಗೆ ಇದು ಹಿಡಿಸಿರಲಿಲ್ಲ. ಆತ ಕೆಟ್ಟವನಲ್ಲ. ಬೋರು ಬತ್ತಿದೆ, ಫೀಸು ಕಟ್ಟಬೇಕಿದೆ, ನಾಳೆ ಮಗಳನ್ನು ನೋಡಲು ಬರುವವರು ಏನೆಂದಾರೋ ಎಂಬ ಚಿಂತೆ. “ಕಾಲೇಜಿಗೆ ಸೇರಿದ ಮ್ಯಾಲೆ ಅದನ್ನ ಯಾರಿಗಾರ ಕೊಟ್ಟುಬಿಡು” ಎಂದು ಹೇಳಿಯೂ ಆಗಿತ್ತು. ಊರಿನ ಕೆಲವರು ಧರ್ಮದ ಮಾತನ್ನೂ ಎತ್ತಿದ್ದರು. ವಾದ್ಯದ ಬಗ್ಗೆ ವಿದ್ವಾಂಸರಲ್ಲಿ ಅಭಿಪ್ರಾಯಭೇದವಿರುವುದು ಓದುಗರಿಗೆ ಗೊತ್ತಿದೆ. ಹೆಚ್ಚಿನವರು ಕೂಡದು ಎಂದಿದ್ದಾರೆ. ಅದೇ ಕೊರ್ಡೋವಾದಲ್ಲಿ 994ರಲ್ಲಿ ಹುಟ್ಟಿದ ಇಬ್ನ್ ಹಝ್ಮ್ ಎಂಬ ಮಹಾ ವಿದ್ವಾಂಸರು, ನಿಷೇಧಕ್ಕೆ ಕೊಡುವ ವರದಿಗಳು ಗಟ್ಟಿಯಲ್ಲ ಎಂದು ವಾದಿಸಿದ್ದಾರೆ. ನಾನು ತೀರ್ಪು ಕೊಡುವವಳಲ್ಲ. ಅಝಾನ್ ಕೇಳಿದ ಕೂಡಲೇ ಹುಡುಗಿ ತಂತಿಗಳ ಮೇಲೆ ಅಂಗೈ ಇಟ್ಟು ನಿಲ್ಲಿಸುತ್ತಾಳೆ, ನಮಾಝ್ ತಪ್ಪಿಸುವುದಿಲ್ಲ, ಓದೂ ಚೆನ್ನಾಗಿದೆ. ಅಡುಗೆಮನೆಯಲ್ಲಿ ಅತ್ತಿಗೆ ನನಗೆ ಮೆಲ್ಲನೆ ಹೇಳಿದ ಮಾತು ಬೇರೆಯೇ. “ಅದು ಬಾರಿಸೋ ಹೊತ್ತಿನಾಗ ಈ ಮನ್ಯಾಗ ಯಾರೂ ಜಗಳ ಆಡಾಂಗಿಲ್ಲ ನೋಡವ್ವ.”

ನಮ್ಮಲ್ಲಿ ಇಂಥ ಮನೆಗಳು ಇಲ್ಲದೆ ಇಲ್ಲ ಎಂದು ನಾನು ಅಣ್ಣನಿಗೆ ಧಾರವಾಡದ ಉದಾಹರಣೆ ಕೊಟ್ಟೆ. ಬೀನ್‌ಕಾರ ಬಂದೇ ಅಲಿ ಖಾನರ ಶಿಷ್ಯರಾದ ‘ಸಿತಾರ್ ರತ್ನ’ ರಹಿಮತ್ ಖಾನರು ಧಾರವಾಡಕ್ಕೆ ಬಂದು ನೆಲೆಸಿ, 1954ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿ ಕಲಿಸಿದರು. ಸಿತಾರಿನ ತಂತಿಗಳ ಜೋಡಣೆ ಬದಲಿಸಿ ಮಂದ್ರದ ತಂತಿ ಸೇರಿಸಿದ ಕೆಲಸವನ್ನು ಅವರ ಹೆಸರಿಗೆ ಹೇಳುತ್ತಾರೆ. ಕುರ್ತುಬಾದ ಝಿರ್ಯಾಬ್ ಊದಿಗೆ ಮಾಡಿದ್ದೂ ಇಂಥದ್ದೇ ತಾನೇ! ಅವರ ಮೊಮ್ಮಗ ಉಸ್ತಾದ್ ಬಾಲೇಖಾನರು ಧಾರವಾಡ ಆಕಾಶವಾಣಿಯಲ್ಲಿದ್ದು 2007ರಲ್ಲಿ ತೀರಿಕೊಂಡರು. ಬಾಲೇಖಾನರ ತಮ್ಮ ರಫೀಕ್ ಖಾನರ ಸಿತಾರನ್ನು ಮಂಗಳೂರು ಆಕಾಶವಾಣಿಯ ಕೇಳುಗರು ಬಲ್ಲರು. ಅಜ್ಜ, ಮಗ, ಮೊಮ್ಮಕ್ಕಳು, ಅವರ ಮಕ್ಕಳು ಎಂದು ಒಂದೇ ಮನೆಯಲ್ಲಿ ತಂತಿ ಕೈ ದಾಟುತ್ತಾ ಬಂದಿದೆ. ಅಣ್ಣ ಕೇಳಿಸಿಕೊಂಡು, “ಅವರದು ಖಾನದಾನ. ನಮ್ಮದು ಏನೈತಿ?” ಎಂದ.

ಅದಕ್ಕೆ ಉತ್ತರ ಕೊಟ್ಟದ್ದು ನಾನಲ್ಲ, ದೊಡ್ಡಪ್ಪ.

ದೊಡ್ಡಪ್ಪನಿಗೆ ಎಂಬತ್ತು ದಾಟಿದೆ. ಬಿಲ್ಲು ಹೊತ್ತು ಕೂಡ್ಲಿಗಿಯಿಂದ ಹಡಗಲಿಯವರೆಗೆ ನಡೆದವರು. ಹುಡುಗಿ ಪಡಸಾಲೆಯಲ್ಲಿ ಕೂತು ‘ಸೊಲೆಯಾ’ ಎಂಬ ಬಗೆಯ ತಾಳ ಕಲಿಯಲು ಒದ್ದಾಡುತ್ತಿದ್ದಳು. ಇದು ಹನ್ನೆರಡು ಎಣಿಕೆಯ ತಾಳ. ನಮಗೆ ಅಭ್ಯಾಸವಿರುವಂತೆ ಒಂದರ ಮೇಲೆ ಒತ್ತು ಬೀಳುವುದಿಲ್ಲ. ಮೂರು, ಆರು, ಎಂಟು, ಹತ್ತು, ಹನ್ನೆರಡರ ಮೇಲೆ ಬೀಳುತ್ತದೆ. ಬಾಯಲ್ಲಿ ಎಣಿಸಿ ಚಪ್ಪಾಳೆ ತಟ್ಟಿ ನೋಡಿ. ಮೊದಲು ಎರಡು ಸಲ ಮೂರು ಮೂರು, ಆಮೇಲೆ ಮೂರು ಸಲ ಎರಡೆರಡು. ನಡಿಗೆ ಒಮ್ಮೆ ಉದ್ದ, ಒಮ್ಮೆ ಗಿಡ್ಡ. ಎಣಿಸುತ್ತಾ ನುಡಿಸಲು ಹೋದರೆ ಕೈ ತಪ್ಪುತ್ತದೆ, ಕೈ ನೋಡಿದರೆ ಎಣಿಕೆ ತಪ್ಪುತ್ತದೆ. ಹುಡುಗಿ ಅಳುವ ಹಂತಕ್ಕೆ ಬಂದಿದ್ದಳು.

ದೊಡ್ಡಪ್ಪ ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದರು. ಮೊಬೈಲಿನಲ್ಲಿ ಅಮಿಗೊ ನುಡಿಸುವುದನ್ನು ಅವಳು ಮತ್ತೆ ಮತ್ತೆ ಹಾಕುತ್ತಿದ್ದಳು. ನಾಲ್ಕೈದು ಸಲ ಆದ ಮೇಲೆ ನೋಡುತ್ತೇನೆ, ದೊಡ್ಡಪ್ಪನ ಗೆಣ್ಣು ಮಂಚದ ಕಟ್ಟಿನ ಮೇಲೆ ಬೀಳುತ್ತಿದೆ. ಟಕ್, ಟಕ್, ಟಕ್ ಟಕ್ ಟಕ್. ಒಂದೂ ತಪ್ಪಿಲ್ಲ. ಎಣಿಕೆ ಅವರಿಗೆ ಗೊತ್ತಿಲ್ಲ, ಸೊಲೆಯಾ ಎಂಬ ಶಬ್ದ ಗೊತ್ತಿಲ್ಲ. ಅರವತ್ತು ವರ್ಷ ತಂತಿಗೆ ಕಿವಿ ಕೊಟ್ಟವರು, ಅಷ್ಟೇ.

“ತಾತ, ನಿಮಗ ಹೆಂಗ ಬಂತು ಇದು?” ಎಂದಳು ಹುಡುಗಿ.

“ಅದರಾಗೇನೈತಿ? ಎರಡು ದೊಡ್ಡ ಎಳೆತ, ಮೂರು ಸಣ್ಣ ಎಳೆತ. ಗಂಟು ಹತ್ತಿ ಬಂದಾಗ ನಾವೂ ಹಿಂಗ ಮಾಡ್ತಿದ್ವಿ.”

ಆಮೇಲೆ ಅವಳ ಬಲಗೈಯನ್ನು ನೋಡಿ ಒಂದು ಮಾತು ಹೇಳಿದರು. “ನೀ ತಂತಿಗೆ ಹೊಡೀತಿ. ಹೊಡಿಯೋದಲ್ಲವ್ವ, ಬಿಡೋದು. ಹಿಡಿದು ಬಿಟ್ಟರ ತಂತಿ ತಾನ ಕೆಲಸ ಮಾಡತೈತಿ. ಹೊಡೆದರ ನಿನ್ನ ಕೈ ನೋಯ್ತೈತಿ, ಹತ್ತಿ ಹಂಗ ಇರತೈತಿ.”

ಫ್ಲಮೆಂಕೊ ಗಿಟಾರಿನ ಬಲಗೈ ಎಂದರೆ ಸಾಮಾನ್ಯವಲ್ಲ. ಬೆರಳುಗಳನ್ನು ಮಡಿಸಿ ಒಂದೊಂದಾಗಿ ಹೊರಗೆ ಚಿಮ್ಮಿಸಿ ಎಲ್ಲಾ ತಂತಿಗಳ ಮೇಲೆ ಮಳೆಯಂತೆ ಸುರಿಸುವುದಕ್ಕೆ ರಸ್ಗೆಯಾದೊ ಎನ್ನುತ್ತಾರೆ. ತೋರುಬೆರಳು, ನಡುಬೆರಳು ಹೆಜ್ಜೆ ಹಾಕಿದಂತೆ ಓಡುವುದು ಪಿಕಾದೊ. ಹೆಬ್ಬೆರಳನ್ನೇ ಮೇಲೆ ಕೆಳಗೆ ಆಡಿಸುವುದು ಅಲ್ಸಾಪೂವಾ, ಊದ್ ಮೀಟುವ ಕಡ್ಡಿಯ ಚಲನೆಯನ್ನು ಇದು ನೆನಪಿಸುತ್ತದೆ. ನಡುವೆ ಗಿಟಾರಿನ ಹಲಗೆಯನ್ನು ಉಗುರಿನಿಂದ ಟಕ್ಕೆಂದು ಬಡಿಯುವುದೂ ಉಂಟು, ಅದಕ್ಕೆಂದೇ ಹಲಗೆಯ ಮೇಲೆ ತೆಳುವಾದ ಪಟ್ಟಿ ಅಂಟಿಸಿರುತ್ತಾರೆ. ಪಟ್ಟೆಂದು ಎದ್ದು ಬೇಗ ಆರುವ ದನಿಗಾಗಿ ಇಂಥ ಗಿಟಾರಿನ ಹಿಂಬದಿಯನ್ನು ಹಗುರವಾದ ಸೈಪ್ರೆಸ್ ಮರದಿಂದ ಮಾಡುವುದು ರೂಢಿ. ಇನ್ನೊಂದು ಸಂಗತಿ ಕೇಳಿ ದೊಡ್ಡಪ್ಪನಿಗೆ ಬಹಳ ಸಂತೋಷವಾಯಿತು. 1940ರ ದಶಕದಲ್ಲಿ ನೈಲಾನ್ ಬರುವವರೆಗೆ ಗಿಟಾರಿಗೂ ಕಟ್ಟುತ್ತಿದ್ದದ್ದು ಕರುಳಿನ ತಂತಿಯೇ! “ಹಂಗಾರ ನಮ್ಮ ಬಿಲ್ಲಿಂದು, ಅದರದು ಒಂದ ಜಾತಿ” ಎಂದರು.

ಆ ಸ್ವರಗಳ ಬಗ್ಗೆಯೂ ಹೇಳಬೇಕು. ಫ್ಲಮೆಂಕೊದ ಬಹುಪಾಲು ನಿಂತಿರುವ ಧಾಟಿ ನಮ್ಮ ಹಿಂದೂಸ್ತಾನಿಯ ಭೈರವಿ ಥಾಟಿಗೆ ಹತ್ತಿರ. ಎಲ್ಲ ಸ್ವರಗಳೂ ತುಸು ತಗ್ಗಿ ಕೂತಂತೆ. ಕೊನೆಯಲ್ಲಿ ಗಾಂಧಾರ ಮಾತ್ರ ಥಟ್ಟನೆ ತಲೆಯೆತ್ತುತ್ತದೆ. ಆಗ ಅದು ಅರಬರ ಹಿಜಾಝ್ ಧಾಟಿಯ ಪಕ್ಕ ಬಂದು ನಿಲ್ಲುತ್ತದೆ. ಮೊದಲ ಸಲ ಕೇಳಿದವರಿಗೂ ಇದು ಪರದೇಶದ್ದೆಂದು ಅನಿಸದಿರುವುದಕ್ಕೆ ಇದೇ ಕಾರಣವಿರಬಹುದು.

ಕೇಳಲು ಹೊರಡುವ ಸಹೋದರಿಯರಿಗೆ ಒಂದು ಸಲಹೆ. ವೇಗವನ್ನು ನೋಡಿ ಬೆರಗಾಗಬೇಡಿ, ವೇಗ ಅಲ್ಲಿ ಎಲ್ಲರಿಗೂ ಇದೆ. ಅಮಿಗೊ ನುಡಿಸುವಾಗ ಎಲ್ಲಿ ನಿಲ್ಲಿಸುತ್ತಾರೆ ಎಂದು ಗಮನಿಸಿ. ಒಂದು ಸ್ವರವನ್ನು ಬಿಟ್ಟು ಅದು ಆರುವವರೆಗೆ ಕಾಯುತ್ತಾರೆ, ಎಣಿಕೆ ಮಾತ್ರ ಒಳಗೆ ನಡೆದೇ ಇರುತ್ತದೆ. ಹಾಡುಗಾರನ ಹಿಂದೆ ಕೂತು ಕಳೆದ ವರ್ಷಗಳು ಆ ಕಾಯುವಿಕೆಯಲ್ಲಿ ಕೇಳುತ್ತವೆ ಎಂದು ನನಗನಿಸುತ್ತದೆ. ಮೊದಲಿಗೆ ‘ಸಿಯುದಾದ್ ದೆ ಲಾಸ್ ಇದೆಯಾಸ್’ ಕೇಳಿ, ಪಾಕೊನ ಬಿರುಸು ಆಮೇಲೆ ಇರಲಿ.

ನಾನಿದ್ದ ಹತ್ತು ದಿನವೂ ಸಂಜೆ ತಾತ, ಮೊಮ್ಮಗಳ ಪಾಠ ನಡೆಯಿತು. ಅವಳು ವಿಡಿಯೋದ ವೇಗವನ್ನು ಅರ್ಧಕ್ಕೆ ಇಳಿಸಿ ಒಂದು ಸಾಲನ್ನು ನೋಡುವುದು, ಅವರು ಮಂಚದ ಕಟ್ಟಿನ ಮೇಲೆ ತಾಳ ಹಿಡಿಯುವುದು. ಒಂದು ದಿನ ಅಟ್ಟದಿಂದ ಬಿಲ್ಲನ್ನೂ ಇಳಿಸಲಾಯಿತು. ಧೂಳು ಒರೆಸಿ, ದಿಂಬಿನಿಂದ ಒಂದು ಹಿಡಿ ಹಳೆ ಹತ್ತಿ ತೆಗೆದು, ಸಡಿಲಾಗಿದ್ದ ತಂತಿಯನ್ನು ಬಿಗಿದು ದೊಡ್ಡಪ್ಪ ಒಮ್ಮೆ ಮೀಟಿದರು. ಪಡಸಾಲೆಯ ತಗಡಿನ ಡಬ್ಬಿಗಳೆಲ್ಲ ಝುಮ್ಮೆಂದವು. ಕೆಮ್ಮು ಬಂದು ಕೂತುಬಿಟ್ಟರು. ಹುಡುಗಿ ಆ ದನಿಗೆ ತನ್ನ ಗಿಟಾರಿನ ದಪ್ಪ ತಂತಿಯನ್ನು ಕೂಡಿಸಿ ನೋಡಿದಳು. ಬಾಗಿಲಲ್ಲಿ ನಿಂತಿದ್ದ ಅಣ್ಣ ಏನೂ ಹೇಳಲಿಲ್ಲ. ಕೊಟ್ಟೂರಿಗೆ ಹೋಗಿದ್ದವನು ಮಂಡಕ್ಕಿ ಮಿರ್ಚಿಯ ಪೊಟ್ಟಣವನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದ.

ನಾನು ಹರಿಹರಕ್ಕೆ ಮರಳಿದ ಮೇಲೆ ಗಿಟಾರಿನ ಒಂದು ತಂತಿ ಹರಿಯಿತಂತೆ. ಅಣ್ಣ ಈರುಳ್ಳಿ ಮಾರಲು ಹೋದವನು ಅಂಗಡಿಯಲ್ಲಿ ಕೇಳಿ ತಂದ. ತಂದದ್ದು ಉಕ್ಕಿನ ತಂತಿ. ಅದನ್ನು ಕಟ್ಟಿದರೆ ನೈಲಾನಿನ ಗಿಟಾರಿನ ಹಲಗೆಯೇ ಕಿತ್ತುಬರುತ್ತದೆ ಎಂದು ಮಗಳು ಬೇಡವೆಂದಳು. ಮುಂದಿನ ವಾರ ಆತ ಹರಿದ ತಂತಿಯ ತುಂಡನ್ನೇ ಕಾಗದದಲ್ಲಿ ಸುತ್ತಿ, ಜೇಬಿನಲ್ಲಿಟ್ಟುಕೊಂಡು ದಾವಣಗೆರೆಯ ಬಸ್ಸು ಹತ್ತಿದ್ದಾನೆಂದು ಅತ್ತಿಗೆ ಫೋನಿನಲ್ಲಿ ಹೇಳಿದರು.